ಮಗುವಿನ ಈಜು ತರಗತಿ: ಚೀಲದಿಂದ ಕಾಲುವೆ ದಂಡೆಯವರೆಗೆ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿದ್ದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈಜುಕೊಳಗಳ ಬಾಗಿಲಲ್ಲಿ ಪಾಲಕರ ಸಾಲು ನಿಲ್ಲುತ್ತದೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳು 3ರಿಂದ 8 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

## ಹೆಸರು ಬರೆಸುವ ಮೊದಲು

ನಮ್ಮ ಹುಡುಗಗ ಈಗ 4 ವರ್ಷ. ಈಜು ಕಲಿಯಾಕ ಹಾಕಬೋದೇನ್ರಿ, ಇಲ್ಲಾ ಇನ್ನೂ ಸಣ್ಣಾವೇನು?

ಹಾಕಬಹುದು. 4 ವರ್ಷಕ್ಕೆ ಹೆಚ್ಚಿನ ಮಕ್ಕಳು ಪಾಠಕ್ಕೆ ತಯಾರಾಗಿರುತ್ತಾರೆ. ನೋಡಬೇಕಾದದ್ದು ವಯಸ್ಸಿಗಿಂತ ಮೂರು ಗುಣ: ಹೇಳಿದ ಒಂದು ಮಾತನ್ನು ಕೇಳಿ ಮಾಡುತ್ತದೆಯೇ, ತನ್ನ ಸರದಿ ಬರುವ ತನಕ ಅಂಚಿನಲ್ಲಿ ಕೂರುತ್ತದೆಯೇ, ಉಚ್ಚೆ ಬಂದರೆ ಬಾಯಿಬಿಟ್ಟು ಹೇಳುತ್ತದೆಯೇ. ಮೂರೂ ಇದ್ದರೆ ಕಳಿಸಿ. 1ರಿಂದ 3 ವರ್ಷದ ಕೂಸುಗಳನ್ನೂ ನೀರಿಗೆ ಇಳಿಸಬಹುದು, ಆದರೆ ಅವ್ವನೋ ಅಪ್ಪನೋ ನೀರಿನಲ್ಲೇ ಜೊತೆಗಿರಬೇಕು. ಆ ವಯಸ್ಸಿನಲ್ಲಿ ನೀರಿನ ರೂಢಿ ಆಗುತ್ತದೆ, ಈಜು ಬರುವುದಿಲ್ಲ. ಕೈ, ಕಾಲು, ಉಸಿರು ಮೂರನ್ನೂ ಹೊಂದಿಸಿ ಈಜುವುದು ಸಾಮಾನ್ಯವಾಗಿ 5–6 ವರ್ಷದ ಮೇಲೆಯೇ.

ನಮ್ಮಪ್ಪ ನನಗ ಬಾವ್ಯಾಗ ಒಗದು ಕಲಿಸಿದ್ರು. ರೊಕ್ಕ ಕೊಟ್ಟು ಕಳಸೋದು ಯಾಕ ಬೇಕು?

ಹಿರಿಯರ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಅಥವಾ ಬೆಂಡು, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ನುರಿತ ಮಾಮನ ಕೈಯಲ್ಲಿ. ಇದು ಸರಿಯಾದ ಕ್ರಮವೇ. ಕೆಟ್ಟದ್ದು ಒಗೆಯುವುದು. ತಯಾರಿಲ್ಲದ ಮಗು ದಿಢೀರನೆ ಮುಳುಗಿದಾಗ ತಡೆಯಲಾರದೆ ಉಸಿರು ಒಳಗೆಳೆಯುತ್ತದೆ, ಅದರೊಂದಿಗೆ ನೀರೂ ಹೋಗುತ್ತದೆ. ಮುಂದೆ ತಿಂಗಳುಗಟ್ಟಲೆ ಮುಖಕ್ಕೆ ನೀರು ಸೋಕಿದರೂ ಮೈ ಬಿಗಿ ಹಿಡಿಯುತ್ತದೆ. ಇನ್ನು ಬಾವಿಗಳ ಮಾತು. ಬೋರ್‌ವೆಲ್ ಬಂದ ಮೇಲೆ ನೀರು ಆಳಕ್ಕಿಳಿದಿದೆ, ಮೆಟ್ಟಿಲು ಕುಸಿದಿವೆ, ತಳದಲ್ಲಿ ಏನು ಬಿದ್ದಿದೆಯೋ ಕಾಣುವುದಿಲ್ಲ. 2–3 ಅಡಿ ನೀರಿನ ಮಕ್ಕಳ ಕೊಳದಲ್ಲಿ ಕಾಲು ನೆಲಕ್ಕೆ ಮುಟ್ಟುತ್ತದೆ, ಕಲಿಕೆ ಅಲ್ಲಿ ಶುರುವಾಗಲಿ.

ಕೊಳ ಚೊಲೋ ಐತೋ ಇಲ್ಲೋ ಹೆಂಗ ಗೊತ್ತಾಗಬೇಕು?

ಹೆಸರು ಬರೆಸುವ ಮೊದಲು ತರಗತಿ ನಡೆಯುವ ಹೊತ್ತಿಗೇ ಹೋಗಿ ಕಾಲು ಗಂಟೆ ನಿಂತು ನೋಡಿ. ಆಳದ ಕಡೆ ನಿಂತರೆ ತಳದ ಟೈಲ್ಸ್ ಗೆರೆ ಮತ್ತು ನೀರು ಹೋಗುವ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಅಲ್ಲಿ ಮುಳುಗಿದ ಮಗುವೂ ಕಾಣುವುದಿಲ್ಲ, ವಾಪಸ್ ಬನ್ನಿ. ಜಾಲರಿ ಮುರಿದಿದ್ದರೂ ಬೇಡ, ಅದರ ಎಳೆತಕ್ಕೆ ಕೂದಲು, ಬೆರಳು ಸಿಕ್ಕುತ್ತವೆ. ಸಣ್ಣ ಮಕ್ಕಳಾದರೆ ಒಬ್ಬ ಕೋಚ್‌ಗೆ 4ರಿಂದ 6 ಮಂದಿಗಿಂತ ಹೆಚ್ಚಿರಬಾರದು, ಮತ್ತು ಕೋಚ್ ನೀರಿನಲ್ಲಿರಬೇಕು. ದಂಡೆಯಲ್ಲಿ ನಿಂತು ಸೀಟಿ ಊದುವವರು ಈ ವಯಸ್ಸಿನವರಿಗೆ ಸಾಲದು. ಕಲಿಸುವವರಲ್ಲದೆ ಕಾಯುವುದೊಂದೇ ಕೆಲಸವಾಗಿರುವ ಇನ್ನೊಬ್ಬರು ಬೇಕು. ಗೋಡೆಯ ಬಳಿ ಉದ್ದ ಕೋಲು, ಹಗ್ಗ ಕಟ್ಟಿದ ರಿಂಗ್ ಕೈಗೆ ಸಿಗುವಂತಿರಲಿ.

ಕ್ಲೋರಿನ್ ಎಷ್ಟಿದೆ ಎಂದು ಧೈರ್ಯವಾಗಿ ಕೇಳಿ. 1ರಿಂದ 3 ಪಿಪಿಎಂ (ಲೀಟರ್ ನೀರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.8 ಇದ್ದರೆ ಸರಿ. ದಿನಾ ಪರೀಕ್ಷೆ ಮಾಡುವವರು ಬರೆದಿಟ್ಟ ಪುಸ್ತಕ ತೋರಿಸುತ್ತಾರೆ. ನಮ್ಮ ಬಿಸಿಲಿನ ಊರುಗಳಲ್ಲಿ ಇದಕ್ಕೆ ಇನ್ನಷ್ಟು ಮಹತ್ವ: ತೆರೆದ ಕೊಳದ ಕ್ಲೋರಿನ್ ಅನ್ನು ಬಿಸಿಲು ಕೆಲವೇ ತಾಸಿನಲ್ಲಿ ತಿಂದುಹಾಕುತ್ತದೆ. ಕರೆಂಟು ಹೋಗಿ ಫಿಲ್ಟರ್ ಪಂಪು ನಿಂತ ದಿನ ಸಂಜೆಯ ನೀರನ್ನು ಮತ್ತೊಮ್ಮೆ ನೋಡಿಯೇ ಮಗುವನ್ನು ಇಳಿಸಿ.

ಯಾವ ಹೊತ್ತಿನ ಬ್ಯಾಚ್ ಒಳ್ಳೇದು?

ಏಪ್ರಿಲ್–ಮೇನಲ್ಲಿ ಬೆಳಗಿನ 6ರಿಂದ 8, ಇಲ್ಲವೇ ಸಂಜೆ 5ರ ಮೇಲೆ. ಬಿಸಿಲು 40 ಡಿಗ್ರಿ ದಾಟಿದಾಗ ಆಳವಿಲ್ಲದ ಮಕ್ಕಳ ಕೊಳ ಮಧ್ಯಾಹ್ನಕ್ಕೆ ಕಾದ ನೀರಿನಂತಾಗುತ್ತದೆ, ಅದರಲ್ಲಿ ಕಾಲು ಬಡಿದರೆ ಮೈ ಬಿಸಿ ಆರುವ ಬದಲು ಏರುತ್ತದೆ. ದಂಡೆಗೆ ಹಾಸಿದ ಕಡಪಾ ಕಲ್ಲೂ ಅಂಗಾಲು ಸುಡುತ್ತದೆ. ಡಿಸೆಂಬರ್–ಜನವರಿಯಲ್ಲಿ ಇದು ತಿರುಗುಮುರುಗು: ಬೆಳಗಿನ ನೀರು ಕೊರೆಯುತ್ತದೆ. ಆಗ 11ರ ಸುಮಾರಿನ ತರಗತಿ ಹಿತ. ಮಗುವಿನ ತುಟಿ ನೀಲಿಗಟ್ಟಿದರೆ ಅಥವಾ ಗದ್ದ ನಡುಗಿದರೆ ಪಾಠ ಎಷ್ಟೇ ಬಾಕಿ ಇರಲಿ, ಹೊರಗೆ ಕರೆಯಿರಿ.

ಫಿಟ್ಸ್ ಬರುತ್ತೆ, ದಮ್ಮು ಐತಿ ಅಂತ ಹೇಳಿದ್ರ ಸೇರಿಸಿಕೊಳ್ಳಲ್ಲ ಅಂತ ಮುಚ್ಚಿಡಬೋದಾ?

ಖಂಡಿತ ಮುಚ್ಚಿಡಬೇಡಿ. ಫಿಟ್ಸ್ ಬರುವ ಮಗು ನೀರಿನಲ್ಲಿ ಸದ್ದಿಲ್ಲದೆ ಕೆಳಗಿಳಿಯುತ್ತದೆ. ವೈದ್ಯರು ಒಪ್ಪಿದ ಮೇಲೆ, ಆ ಮಗುವೊಂದನ್ನೇ ನೋಡುವ ಒಬ್ಬ ವ್ಯಕ್ತಿ ಕೈಯಳತೆಯಲ್ಲಿದ್ದರೆ ಮಾತ್ರ ಇಳಿಸಬೇಕು. ದಮ್ಮು ಇರುವ ಎಷ್ಟೋ ಮಕ್ಕಳು ಚೆನ್ನಾಗಿ ಈಜುತ್ತಾರೆ, ಅವರ ಪಂಪು (ಇನ್‌ಹೇಲರ್) ಚೀಲದ ತಳದಲ್ಲಿರದೆ ಕೋಚ್ ಕೈಗೆ ಸಿಗುವ ಜಾಗದಲ್ಲಿರಲಿ. ಹೃದಯದ ತೊಂದರೆ, ಕಿವಿ ಸೋರುವುದು, ಕಿವಿತಮಟೆ ತೂತಾಗಿರುವುದು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ.

## ಚೀಲದೊಳಗೆ

ಚೀಲದಾಗ ಏನೇನು ಇಡಬೇಕು? ಒಂದ್ಸಲಕ್ಕ ಪೂರ್ತಿ ಹೇಳಿಬಿಡ್ರಿ.

ಈಜುಡುಪು, ಕ್ಯಾಪ್, ಈಜು ಕನ್ನಡಕ ಒಂದೊಂದು. ಟವೆಲ್ ಎರಡು: ಒಂದು ಮೈ ಒರೆಸಲು, ಇನ್ನೊಂದು ತನ್ನ ಸರದಿ ಕಾಯುವಾಗ ಹೊದೆಯಲು. ದಪ್ಪ ಟರ್ಕಿ ಟವೆಲ್‌ಗಿಂತ ತೆಳು ಹತ್ತಿಯದು ನಮ್ಮಲ್ಲಿ ಚೆನ್ನ, ಗಾಳಿಗೆ ಬೇಗ ಒಣಗುತ್ತದೆ, ಚೀಲವೂ ಹಗುರ. ಹಿಂದೆ ಪಟ್ಟಿ ಇರುವ, ತಳ ಜಾರದ ರಬ್ಬರ್ ಚಪ್ಪಲಿ. ಒಣ ಬಟ್ಟೆ ಒಂದು ಜೊತೆ, ಒಳ ಚಡ್ಡಿ ಮಾತ್ರ ಎರಡು, ಒಂದು ಖಂಡಿತ ಒದ್ದೆ ನೆಲಕ್ಕೆ ಬೀಳುತ್ತದೆ. ಶಾಂಪೂ ಸ್ಯಾಚೆ 1, ಬಾಚಣಿಗೆ, ಚಿಕ್ಕ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ (ಈಜಿದ ಮೇಲೆ ಮೈಗೆ). ಕುಡಿಯುವ ನೀರು ಮುಕ್ಕಾಲು ಲೀಟರಿನಿಂದ 1 ಲೀಟರ್. ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಕವರ್. ತಿನ್ನಲು ಒಂದು ಡಬ್ಬಿ.

ಇಡುವ ಕ್ರಮವೂ ಮುಖ್ಯ. ಕೊನೆಗೆ ಬೇಕಾಗುವ ಒಣ ಬಟ್ಟೆ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಟವೆಲ್, ಎಲ್ಲಕ್ಕಿಂತ ಮೇಲೆ ಕ್ಯಾಪ್, ಕನ್ನಡಕ. ಪ್ರತಿಯೊಂದರ ಮೇಲೂ ಅಳಿಸದ ಪೆನ್ನಿನಲ್ಲಿ ಮಗುವಿನ ಹೆಸರು ಬರೆಯಿರಿ, ಬೇಸಿಗೆ ಶಿಬಿರದಲ್ಲಿ ಒಂದೇ ಬಣ್ಣದ ಹತ್ತು ಕನ್ನಡಕ ಇರುತ್ತವೆ. ಮಗು ತಾನೇ ಚೀಲ ತುಂಬಲಿ, ನೀವು ಪಕ್ಕದಲ್ಲಿ ಕೂತು ಎಣಿಸಿ. ನಾಲ್ಕೇ ದಿನಕ್ಕೆ ಅದಕ್ಕೆ ರೂಢಿಯಾಗುತ್ತದೆ.

ಮನೆ ಮುಟ್ಟಿದ ಕೂಡಲೇ ಒದ್ದೆ ಕವರ್ ಬಿಚ್ಚಿ. ಬಿಸಿಲಲ್ಲಿ ನಿಂತ ಕಾರಿನಲ್ಲೋ ಬೈಕ್ ಡಿಕ್ಕಿಯಲ್ಲೋ ಸಂಜೆ ತನಕ ಉಳಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಎಲಾಸ್ಟಿಕ್ ಸಡಿಲಾಗುತ್ತದೆ. ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ಒತ್ತಿ, ನೆರಳಿನಲ್ಲಿ ಹರವಿ.

ಮನ್ಯಾಗಿನ ಚಡ್ಡಿ ಬನಿಯನ್ ನಡಿಯಂಗಿಲ್ಲೇನು? ಮಗಳಿಗೆ ಮೈ ತುಂಬ ಬಟ್ಟೆ ಬೇಕು, ಏನು ಮಾಡೋದು?

ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ತೇಲಲು ಕಲಿಯುವ ಮಗುವನ್ನು ಕೆಳಗೆ ಎಳೆಯುತ್ತದೆ. ಅದರ ಎಳೆಗಳು ಬಿಟ್ಟು ಫಿಲ್ಟರಿಗೂ ಕಟ್ಟಿಕೊಳ್ಳುತ್ತವೆ. ನೈಲಾನ್ ಅಥವಾ ಪಾಲಿಸ್ಟರ್ ಜೊತೆ ಲೈಕ್ರಾ ಬೆರೆತ, ಮೈಗೆ ಅಂಟಿ ನಿಲ್ಲುವ ಉಡುಪು ತನ್ನಿ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆಯದು ಬೇಡ: ಒಳಗೆ ನೀರು ತುಂಬಿ ಜೋತಾಡುತ್ತದೆ.

ಹೆಣ್ಣುಮಕ್ಕಳಿಗೆ ತುಂಬುತೋಳು, ಪಾದದ ತನಕ ಬರುವ ಈಜುಡುಪು ಇದೆ. ಬಿಸಿಲಿಗೂ ಅದೇ ಒಳ್ಳೆಯದು. ಚೂಡಿದಾರ, ಫ್ರಾಕು, ವೇಲು ಮಾತ್ರ ಬೇಡವೇ ಬೇಡ, ಕಾಲಿಗೂ ಕುತ್ತಿಗೆಗೂ ಸುತ್ತಿಕೊಳ್ಳುತ್ತವೆ.

ಯಾವ ಬಣ್ಣದ್ದು ತಗೋಬೇಕು? ಮಗಳು ತಿಳಿ ನೀಲಿ ಅಂತಾಳ.

ಬಣ್ಣದಲ್ಲಿ ಮಾತ್ರ ನೀವೇ ಹಟ ಹಿಡಿಯಿರಿ. ತಿಳಿ ನೀಲಿ, ಬಿಳಿ, ಬೂದು ಬಣ್ಣ ನೀರಿನಡಿ ಕೊಳದ ತಳದೊಂದಿಗೆ ಬೆರೆತುಹೋಗುತ್ತವೆ. ಕಣ್ಣಿಗೆ ಹೊಡೆಯುವ ಕಿತ್ತಳೆ, ಮಿಂಚು ಗುಲಾಬಿ, ಗಿಳಿಹಸಿರಿನಂಥವು ಎರಡು ಅಡಿ ಕೆಳಗೂ ಎದ್ದು ಕಾಣುತ್ತವೆ. ಅಂಗಡಿಯಿಂದ ತಂದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿ, ಕೈಯಿಂದ ಅಲೆ ಎಬ್ಬಿಸಿ ನೋಡಿ, ಗೊತ್ತಾಗುತ್ತದೆ.

ಕನ್ನಡಕದೊಳಗ ನೀರು ಹೋಗ್ತಾವಂತ ದಿನಾ ಅಳ್ತಾನ.

ಹೆಚ್ಚಾಗಿ ಅಳತೆಯ ತಪ್ಪು. ಪಟ್ಟಿ ಹಾಕದೆ ಕಣ್ಣು ಮುಚ್ಚುವ ಎರಡೂ ಬಟ್ಟಲುಗಳನ್ನು ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಎಣಿಸುವ ತನಕ ಅಂಟಿ ನಿಂತರೆ ಅದು ಆ ಮುಖದ್ದು. ತಟ್ಟನೆ ಬಿದ್ದರೆ ಪಟ್ಟಿ ಎಷ್ಟು ಬಿಗಿದರೂ ಸೋರುತ್ತದೆ, ಜೊತೆಗೆ ಕಣ್ಣ ಸುತ್ತ ಕೆಂಪು ಬರೆ ಏಳುತ್ತದೆ. ಅಂಚು ಸಿಲಿಕಾನ್‌ನದಾಗಿರಲಿ. ಹಾಕುವಾಗ ಮೊದಲು ಬಟ್ಟಲು ಕಣ್ಣಿಗೆ, ಆಮೇಲೆ ಪಟ್ಟಿ ತಲೆಯ ಹಿಂದಕ್ಕೆ, ಕಿವಿಗಿಂತ ಮೇಲೆ. ಹಣೆಯ ಕೂದಲೊಂದು ಅಂಚಿನಡಿ ಸಿಕ್ಕಿದರೂ ಅಲ್ಲಿಂದಲೇ ನೀರು ಬರುತ್ತದೆ.

ಮಂಜು ಕವಿದರೆ ಒಳಗೆ ಬೆರಳಿಂದ ಉಜ್ಜಬೇಡಿ, ಮಂಜು ತಡೆಯುವ ಲೇಪ ಕಿತ್ತುಹೋಗುತ್ತದೆ. ಬೋರಿನ ಗಡಸು ನೀರಿನಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ, ಕೊನೆಯ ಜಾಲು ಕುಡಿಯುವ ನೀರಿನಲ್ಲಿರಲಿ, ಒಂದು ಲೋಟ ಸಾಕು.

ತಾಯತ, ಉಡದಾರ ಬಿಚ್ಚಬಾರದು ಅಂತಾರ ನಮ್ಮತ್ತಿ. ಕೋಚು ಬಿಚ್ಚರಿ ಅಂತಾರ.

ಇಲ್ಲಿ ಕೋಚ್ ಮಾತು ನಡೆಯಬೇಕು. ಕೊರಳ ದಾರ ಏಣಿಯ ಕಂಬಿಗೋ ಇನ್ನೊಂದು ಮಗುವಿನ ಕೈಗೋ ಸಿಕ್ಕಿದರೆ ಕುತ್ತಿಗೆ ಬಿಗಿಯುತ್ತದೆ. ಕಾಲ್ಗೆಜ್ಜೆ, ಬಳೆ ಪಕ್ಕದವರಿಗೆ ಗೀರುತ್ತವೆ, ಬೆಳ್ಳಿ ಕ್ಲೋರಿನ್‌ಗೆ ಕಪ್ಪಾಗುತ್ತದೆ. ಅತ್ತೆಯವರಿಗೆ ಹಟದ ದನಿಯಲ್ಲಿ ಹೇಳಬೇಡಿ. ಅವರೂ ಮಗುವಿನ ರಕ್ಷಣೆಗೇ ಕಟ್ಟಿದ್ದು. ತರಗತಿಗೆ ಹೊರಡುವ ಮೊದಲು ಅವರ ಕೈಯಿಂದಲೇ ಬಿಚ್ಚಿಸಿ, ದೇವರ ಮುಂದೆ ಇಟ್ಟು, ಬಂದ ಮೇಲೆ ಅವರೇ ಕಟ್ಟಲಿ. ಬಿಚ್ಚಲು ಬಾರದ ಉಡದಾರ ಮೈಗೆ ಅಂಟಿದಂತಿದ್ದು, ಉಡುಪಿನೊಳಗೆ ಮುಚ್ಚಿಹೋದರೆ ಕೋಚ್‌ಗೆ ತೋರಿಸಿ ಕೇಳಿ. ಕಿವಿಗೆ ಅಂಟಿದ ಸಣ್ಣ ಓಲೆ ಇದ್ದರೆ ತೊಂದರೆಯಿಲ್ಲ.

ಗಾಳಿ ತುಂಬೋ ಟ್ಯೂಬು, ತೋಳಿನ ಬಲೂನು ಕೊಂಡು ಕೊಡಬೇಕಾ?

ಬೇಡ. ಅವು ಆಟಿಕೆ, ಗಾಳಿ ಇಳಿಯುತ್ತವೆ, ತೋಳಿಂದ ಜಾರುತ್ತವೆ. ಅದಕ್ಕಿಂತ ದೊಡ್ಡ ಕೇಡು: ತೋಳಿನ ಬಲೂನು ಮಗುವನ್ನು ನೆಟ್ಟಗೆ ನಿಲ್ಲಿಸಿ ತೇಲಿಸುತ್ತದೆ, ಈಜಿಗೆ ಬೇಕಾದದ್ದು ಮಲಗಿದ ಭಂಗಿ. ಅದಿಲ್ಲದ ದಿನವೂ ತೇಲುತ್ತೇನೆಂದು ನಂಬಿ ಮಗು ಹಾರಿಬಿಡುತ್ತದೆ. ಪಾಠಕ್ಕೆ ಬೇಕಾದ ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲು ಹಲಗೆ) ಕೊಳದಲ್ಲೇ ಇರುತ್ತದೆ.

## ಮೈ, ಕೂದಲು, ಹೊಟ್ಟೆ

ತಲಿಗೆ ಎಣ್ಣಿ ಹಚ್ಚಿ ಕಳಸಿದ್ರ ಕೂದಲು ಹಾಳಾಗಂಗಿಲ್ಲ ಅಲ್ಲ?

ಎಣ್ಣೆ ನೀರಿಗಿಳಿದು ಮೇಲೆ ಪದರ ಕಟ್ಟುತ್ತದೆ, ಫಿಲ್ಟರ್ ಕಟ್ಟುತ್ತದೆ, ಕ್ಲೋರಿನ್ ಅದರ ಮೇಲೇ ಖರ್ಚಾಗಿ ರೋಗಾಣು ಕೊಲ್ಲಲು ಉಳಿಯುವುದಿಲ್ಲ. ಕ್ಯಾಪ್ ಜಾರುತ್ತದೆ, ರಬ್ಬರ್ ಕ್ಯಾಪ್ ಆದರೆ ಅಂಟಂಟಾಗಿ ಹರಿಯುತ್ತದೆ. ಬದಲಿಗೆ ಇಳಿಯುವ ಮುಂಚೆ ಸಾದಾ ನೀರಿನಿಂದ ತಲೆ ಪೂರ್ತಿ ನೆನೆಸಿ. ಮೊದಲೇ ನೀರು ಕುಡಿದ ಕೂದಲು ಕೊಳದ ನೀರನ್ನು ಹೆಚ್ಚು ಹೀರುವುದಿಲ್ಲ. ಉದ್ದ ಕೂದಲನ್ನು ಜಡೆ ಹಾಕಿ, ಮೇಲೆ ಸುತ್ತಿ, ಕ್ಯಾಪ್ ಒಳಗೆ ಸೇರಿಸಿ. ಎಣ್ಣೆ ಸ್ನಾನ ರಜೆಯ ದಿನಕ್ಕಿರಲಿ.

ಎಷ್ಟೊತ್ತಿಗೆ, ಏನು ತಿನ್ನಿಸಬೇಕು?

ಊಟವಾದರೆ ಒಂದೂವರೆ ತಾಸು ಮೊದಲು, ಬಾಳೆಹಣ್ಣಿನಂಥದ್ದಾದರೆ ಮುಕ್ಕಾಲು ತಾಸು ಮೊದಲು. ತಿಂದು ಇಳಿದರೆ ನರ ಹಿಡಿದು ಮುಳುಗುತ್ತಾರೆಂಬ ಮಾತಿಗೆ ಆಧಾರವಿಲ್ಲ. ತೊಂದರೆ ಬೇರೆ: ತುಂಬಿದ ಹೊಟ್ಟೆಯಲ್ಲಿ ಬೋರಲು ಮಲಗಿ ನೀರು ನುಂಗಿದ ಮಗು ಕೊಳದಲ್ಲೇ ವಾಂತಿ ಮಾಡುತ್ತದೆ. ಒಗ್ಗರಣೆ-ಮಿರ್ಚಿ ಈಜುವ ಮೊದಲು ಬೇಡ, ಎಣ್ಣೆ-ಖಾರ ಮೇಲಕ್ಕೆ ಬರುತ್ತದೆ. ಬೆಳಗಿನ ಬ್ಯಾಚಿಗೆ ಅರ್ಧ ಲೋಟ ರಾಗಿ ಗಂಜಿ ಸಾಕು. ಮುಗಿದ ಮೇಲೆ ಹಸಿವು ಜೋರು, ಪುಟಾಣಿ, ಶೇಂಗಾ ಉಂಡಿ, ಮಜ್ಜಿಗೆ ಕೊಡಿ. ನೀರಿನಲ್ಲೂ ಮಗು ಬೆವರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಕಪ್ಪಾಗ್ತಾಳ ಅಂತ ಕ್ರೀಮ್ ಹಚ್ಚಬೇಕಾ?

ಬಣ್ಣ ಕಂದುವುದು ದೊಡ್ಡ ಮಾತಲ್ಲ, ಚರ್ಮ ಸುಡಬಾರದು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನ, ನೀರಿಗೆ ತಡೆಯುವ ಕ್ರೀಮನ್ನು ಮನೆಯಲ್ಲೇ, ಇಳಿಯುವ 20 ನಿಮಿಷ ಮೊದಲು ಹಚ್ಚಿ. ಕಿವಿಯ ಹಿಂಭಾಗ, ಪಾದದ ಮೇಲ್ಭಾಗ ಮರೆಯುವ ಜಾಗಗಳು.

ಕಣ್ಣು ಕೆಂಪಾಗ್ತಾವ, ಘಾಟು ವಾಸನೆ ಬರ್ತದ. ಔಷಧ ಹೆಚ್ಚು ಹಾಕ್ಯಾರೇನು?

ಘಾಟು ಬಂದರೆ ಕ್ಲೋರಿನ್ ಜಾಸ್ತಿ ಎಂದು ಎಲ್ಲರೂ ತಿಳಿಯುತ್ತಾರೆ. ನಿಜ ಬೇರೆ: ಬೆವರು, ಉಚ್ಚೆ ಕ್ಲೋರಿನ್ ಜೊತೆ ಸೇರಿ ಹುಟ್ಟುವ ಕ್ಲೋರಮೈನ್ ವಾಸನೆ ಅದು. ಕಣ್ಣು ಉರಿಸುವುದೂ ಅದೇ. ಪರಿಹಾರ ಅರ್ಧ ನಮ್ಮ ಕೈಲಿದೆ: ಇಳಿಯುವ ಮೊದಲು ಶೌಚಾಲಯ, ನಂತರ 1 ನಿಮಿಷ ಮೈಗೆ ನೀರು. ಕಣ್ಣಿಗೆ ಶುದ್ಧ ನೀರು ಎರಚಿದರೆ ಕೆಲವು ತಾಸಿನಲ್ಲಿ ಕೆಂಪು ಇಳಿಯುತ್ತದೆ. ಮರುದಿನವೂ ಉಳಿದು ಪಿಸುರು ಕಟ್ಟಿದರೆ ವೈದ್ಯರಿಗೆ ತೋರಿಸಿ.

ಕಿವ್ಯಾಗ ನೀರು ಹೋದ್ರ ಎಣ್ಣಿ ಬಿಡಬೇಕಾ?

ಎಣ್ಣೆ ಬೇಡ, ಹತ್ತಿ ಕಡ್ಡಿ ಬೇಡ, ಸೇಫ್ಟಿ ಪಿನ್ನಂತೂ ಬೇಡ. ತಲೆಯನ್ನು ಆ ಬದಿಗೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಬೇರೆ ಬೇರೆ ದಿಕ್ಕಿಗೆ ಎಳೆಯಿರಿ, ನೀರು ತಾನೇ ಇಳಿಯುತ್ತದೆ. ಹೊರಗಷ್ಟೇ ಬಟ್ಟೆಯಿಂದ ಒರೆಸಿ. ಕಿವಿ ಮುಟ್ಟಿದರೆ, ಎಳೆದರೆ ನೋವು ಎಂದರೆ ಹೊರಕಿವಿಗೆ ಸೋಂಕು ತಗಲಿರಬಹುದು, ಈಜು ನಿಲ್ಲಿಸಿ ವೈದ್ಯರ ಬಳಿ ಹೋಗಿ.

ನೆಗಡಿ ಇದ್ರ ಕಳಸಬೋದಾ?

ಬರೀ ಮೂಗು ಸೋರುತ್ತಿದ್ದು ಮಗು ಲವಲವಿಕೆಯಿಂದಿದ್ದರೆ ಅಡ್ಡಿಯಿಲ್ಲ. ಜ್ವರ, ಕಿವಿನೋವು, ತೆರೆದ ಗಾಯ, ಹುಳುಕಡ್ಡಿ ಇದ್ದರೆ ಬೇಡ. ಭೇದಿ ಇದ್ದರೆ ಪೂರ್ತಿ ನಿಂತ ಮೇಲೆಯೇ, ಒಂದು ಮಗುವಿನ ಭೇದಿ ಕೊಳದ ಎಲ್ಲರಿಗೂ ಹರಡುತ್ತದೆ. ಈಜಿನ ಡಯಾಪರ್ ಅದನ್ನು ತಡೆಯುವುದಿಲ್ಲ.

## ಮನೆಯ ತಯಾರಿ

ತಲಿ ಮ್ಯಾಲೆ ನೀರು ಹಾಕಿದ್ರ ಕಿರುಚತಾನ. ಕೊಳಕ್ಕ ಹೆಂಗ ಒಯ್ಯೋದು?

ಒಂದು ವಾರ ಬಚ್ಚಲಿನಲ್ಲೇ ಪಾಠ ನಡೆಯಲಿ. ಮೊದಲ ಎರಡು ದಿನ ತಂಬಿಗೆಯನ್ನು ಮಗುವಿನ ಕೈಗೇ ಕೊಡಿ. ಭುಜದ ಮೇಲೆ, ಆಮೇಲೆ ಕುತ್ತಿಗೆಯ ಹಿಂದೆ ತಾನೇ ಸುರಿದುಕೊಳ್ಳಲಿ. ಮೂರನೇ ದಿನ ನೀವು ‘ಒಂದು, ಎರಡು, ಮೂರು’ ಎಂದು ಹೇಳಿ ನೆತ್ತಿಯ ಮೇಲೆ ಸುರಿಯಿರಿ. ಎರಡಕ್ಕೇ ಸುರಿದು ಮೋಸ ಮಾಡಬೇಡಿ, ಆ ಎಣಿಕೆಯನ್ನು ನಂಬಿಯೇ ಮಗು ಉಸಿರು ಹಿಡಿಯಲು ಕಲಿಯುವುದು. ಕಣ್ಣೊರೆಸಲು ತಕ್ಷಣ ಟವೆಲ್ ಕೊಡುವುದನ್ನೂ ನಿಧಾನಕ್ಕೆ ಬಿಡಿ, ತಾನೇ ಕಣ್ಣು ಮಿಟುಕಿಸಿ ನೀರು ಹಾರಿಸಲಿ.

ನಾಲ್ಕನೇ ದಿನದಿಂದ ಅಗಲದ ಬೋಗುಣಿಯಲ್ಲಿ ನೀರು ತುಂಬಿ ಗದ್ದ, ಬಾಯಿ, ಮೂಗು ಒಂದೊಂದಾಗಿ ಮುಳುಗಿಸಿ ಗುಳ್ಳೆ ಬಿಡಿಸಿ. ಮೂಗು ಮುಳುಗಿದಾಗ ಬಾಯಿ ಮುಚ್ಚಿ ‘ಹೂಂ’ ಎಂದು ಗುನುಗಲಿ. ಗುನುಗುವ ತನಕ ಮೂಗಿಂದ ಗಾಳಿ ಹೊರಗೆ ಬರುತ್ತಲೇ ಇರುತ್ತದೆ, ನೀರು ಒಳಗೆ ನುಗ್ಗುವುದಿಲ್ಲ. ಇದೊಂದು ಬಂದರೆ ಮೊದಲ ವಾರದ ಕಷ್ಟ ಅರ್ಧ ಕಳೆದಂತೆ. ಬೋಗುಣಿ, ಬಕೆಟ್ ಮುಗಿದ ಮೇಲೆ ಬರಿದು ಮಾಡಿ ಬೋರಲು ಹಾಕಿ, ಮನೆಯ ಸಣ್ಣ ಕೂಸಿಗೆ ಒಂದು ಗೇಣು ನೀರೂ ಅಪಾಯ.

ಮೊದಲನೇ ದಿನಾನೇ ಅತ್ತು ಗದ್ದಲ ಮಾಡಿದ್ರ?

ಅಳುವುದು ಸಹಜ, ಮೂರು-ನಾಲ್ಕು ತರಗತಿಗೆ ಇಳಿಯುತ್ತದೆ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ನೋಡುವುದೂ ಒಂದು ದಿನದ ಪಾಠವೇ. ‘ನೋಡು, ಆ ಹುಡುಗಿ ಹೆಂಗ ಮಾಡ್ತಾಳ’ ಎಂದು ಹೋಲಿಸಬೇಡಿ. ಕೋಚ್ ತಲೆ ಹಿಡಿದು ಮುಳುಗಿಸಿದರೆ ಅಲ್ಲೇ ನಿಲ್ಲಿಸಿ, ಕೊಳ ಬದಲಿಸಿ.

## ಮುಂದಿನ ಮಾತು

ಎಷ್ಟು ದಿನಕ್ಕ ಈಜು ಬರ್ತದ? ಒಂದು ತಿಂಗಳ ಶಿಬಿರ ಸಾಕಲ್ಲ?

ಅರ್ಧ ಅಥವಾ ಮುಕ್ಕಾಲು ತಾಸಿನ 10–12 ತರಗತಿಗೆ ಮುಖ ಮುಳುಗಿಸುವುದು, ತೇಲುವುದು ಬರಬಹುದು. ತಿಂಗಳ ಕೊನೆಗೆ ಅಗಲಕ್ಕೆ ದಾಟುವ ಮಕ್ಕಳಿದ್ದಾರೆ. ಅದನ್ನೇ ಈಜು ಬಂತು ಎಂದುಕೊಳ್ಳಬೇಡಿ. ನಿಜವಾದ ಪರೀಕ್ಷೆ ಐದು ಕೆಲಸ ಒಂದರ ಹಿಂದೊಂದು: ತಲೆ ಮುಳುಗುವ ನೀರಿಗೆ ಹಾರಿ ಮೇಲೆ ಬರುವುದು, 1 ನಿಮಿಷ ತೇಲುವುದು, ಪೂರ್ತಿ ಸುತ್ತು ತಿರುಗಿ ಹೊರಬರುವ ದಾರಿ ನೋಡುವುದು, ಅತ್ತ 25 ಮೀಟರ್ ಈಜುವುದು, ಏಣಿಯಿಲ್ಲದೆ ಹತ್ತುವುದು. ಇದಕ್ಕೆ ಹೆಚ್ಚಿನ ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ಬೇಸಿಗೆ ಬೇಕು. ನಡುವೆ ವಾರಕ್ಕೊಮ್ಮೆಯಾದರೂ ನೀರಿಗಿಳಿದರೆ ಕಲಿತದ್ದು ಉಳಿಯುತ್ತದೆ.

ಕೊಳದಾಗ ಬರ್ತದ ಅಂದ್ಮ್ಯಾಲೆ ಕಾಲುವಿ, ಹೊಳಿ, ಕೃಷಿ ಹೊಂಡದಾಗ ಬಿಡಬೋದಲ್ಲ?

ಬಿಡಬೇಡಿ. ಈ ಪುಟದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿನ ಕಡೆ, ಬಲದಂಡೆಯವು ಬಳ್ಳಾರಿ ಕಡೆ ಊರೂರ ಪಕ್ಕ ಹರಿಯುತ್ತವೆ. ಕಾಂಕ್ರೀಟ್ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಇಳಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಸೆಳೆತಕ್ಕೆ ಎದುರಾಗಿ ದೊಡ್ಡವರೂ ನಿಲ್ಲಲಾರರು. ಹೊಳೆಯಲ್ಲಿ ಬಂಡೆಗಳ ನಡುವೆ ಸುಳಿ, ಕೆಲವೆಡೆ ಮೊಸಳೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ನೋಡನೋಡುತ್ತಲೇ ಏರುತ್ತದೆ.

ಕೃಷಿ ಹೊಂಡದ ಅಪಾಯ ಬೇರೆ ಬಗೆಯದು. 2014ರಲ್ಲಿ ಹೊಂಡಕ್ಕೆ ಸರ್ಕಾರದ ನೆರವು ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣಭೂಮಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಹೆಚ್ಚಾದವು. ಒದ್ದೆಯಾದ ಆ ಹಾಳೆಯ ಮೇಲೆ ಕಾಲೂ ನಿಲ್ಲದು, ಬೆರಳೂ ಹಿಡಿಯದು. ಈಜು ಬಲ್ಲವರೂ ಅಂಚಿಗೆ ಬಂದು ಹತ್ತಲಾರದೆ ದಣಿದು ಮುಳುಗುತ್ತಾರೆ. ನಿಮ್ಮ ಹೊಲದಲ್ಲಿ ಹೊಂಡವಿದ್ದರೆ ಸುತ್ತ ಬೇಲಿ ಹಾಕಿ. ನಾಲ್ಕೂ ಬದಿ ಗೂಟಕ್ಕೆ ಗಂಟು ಗಂಟು ಹಾಕಿದ ಹಗ್ಗ ಕಟ್ಟಿ ನೀರಿನ ತನಕ ಇಳಿಬಿಡಿ, ಗಾಳಿ ತುಂಬಿದ ಹಳೆಯ ಟೈರ್ ಟ್ಯೂಬೊಂದನ್ನು ಹಗ್ಗ ಕಟ್ಟಿ ತೇಲಿಸಿ.

ಮುಳುಗತಿದ್ರ ಕೂಗತಾರಲ್ಲ? ತೆಗದ ಮ್ಯಾಲೆ ಏನು ಮಾಡಬೇಕು?

ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಾಗ ಕೂಗು ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ, ಕೈ ಪಕ್ಕಕ್ಕೆ ಒತ್ತುತ್ತ, ಮಗು ಆಡುತ್ತಿದೆ ಎಂದೇ ಅನ್ನಿಸುತ್ತದೆ. ಒಂದು ನಿಮಿಷದೊಳಗೆ ಕೆಳಗಿಳಿಯುತ್ತದೆ. ಅದಕ್ಕೇ ತರಗತಿ ನಡೆಯುವಾಗ ಫೋನು ಚೀಲದಲ್ಲಿರಲಿ. ಈಜು ಬಾರದವರು ಹಾರಬೇಡಿ, ಕೋಲು, ಹಗ್ಗ, ವೇಲು, ಖಾಲಿ ಕೊಡ, ಸಿಕ್ಕಿದ್ದನ್ನು ಚಾಚಿ ಅಥವಾ ಎಸೆಯಿರಿ.

ಹೊರತೆಗೆದ ಮೇಲೆ ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಬೇಡ, ಹೊತ್ತು ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಉಸಿರ್ನಾಳಕ್ಕೆ ಇಳಿಯುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಶುರು ಮಾಡಲಿ: ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏಳುವಂತೆ 5 ಸಲ ಊದಿ. ಆಮೇಲೆ ಎದೆಯ ನಡುವೆ 30 ಒತ್ತು, 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ 2 ಊದು, 30 ಒತ್ತು. ಉಸಿರು ಮರಳುವ ತನಕ ಅಥವಾ ಆಂಬುಲೆನ್ಸಿನವರು ಕೈಗೆತ್ತಿಕೊಳ್ಳುವ ತನಕ ನಿಲ್ಲಿಸಬೇಡಿ. ಮಗು ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ತಾಸು ಕಳೆದು ಕೆಮ್ಮು, ಏದುಸಿರು, ವಿಪರೀತ ತೂಕಡಿಕೆಯಾಗಿ ಕಾಣಿಸಿಕೊಳ್ಳಬಹುದು.